ಮಾತು ಬಂತು, ನಾಯಕಿ ಮರೆಯಾದಳು

ಮೂಕಿ ಚಿತ್ರಗಳಿಗೆ ಮಾತು ಬಂದದ್ದು ಸಿನಿಮಾಕ್ಕೆ ವರವಾಯಿತು. ಆದರೆ ಬ್ರಿಟನ್ನಿನ ಜನಪ್ರಿಯ ತಾರೆ ಮೇಬಲ್ ಪೋಲ್ಟನ್‌ಗೆ ಅದೇ ಶಾಪವಾಯಿತು.

ಮೇಬಲ್ ಹುಟ್ಟಿದ್ದು 1901ರಲ್ಲಿ, ಲಂಡನ್ನಿನ ಬೆಥ್ನಲ್ ಗ್ರೀನ್‌ನಲ್ಲಿ. ನಗರದ ಪೂರ್ವಭಾಗದಲ್ಲಿರುವ ಅದು ಆಗ ಕೂಲಿಕಾರರ, ಬಡವರ ಕೇರಿ. ಅಲ್ಲಿನವರ ಆಡುನುಡಿ ‘ಕಾಕ್ನಿ’. ಪದದ ಮೊದಲಿನ ಹಕಾರವನ್ನು ನುಂಗಿಹಾಕುವ ಈ ಇಂಗ್ಲಿಷ್ ಕಿವಿಗೆ ಬಿದ್ದರೆ ಸಾಕು, ಮಾತಾಡಿದವರ ಅಂತಸ್ತು ಇಂಥದ್ದೆಂದು ಇಂಗ್ಲಿಷರು ತೀರ್ಮಾನಿಸಿಬಿಡುತ್ತಿದ್ದರು.

ಅಲ್‌ಹಾಂಬ್ರಾ ಥಿಯೇಟರಿನಲ್ಲಿ ಟೈಪಿಸ್ಟ್ ಆಗಿದ್ದ ಈ ಹುಡುಗಿಯ ಮುಖಚಹರೆ ಅಮೆರಿಕದ ನಟಿ ಲಿಲಿಯನ್ ಗಿಶ್‌ಳನ್ನು ಹೋಲುತ್ತಿತ್ತು. ಗಿಶ್‌ಳ ‘ಬ್ರೋಕನ್ ಬ್ಲಾಸಮ್ಸ್’ ಚಿತ್ರದ ಪ್ರಚಾರಕ್ಕೆ ಆಕೆಯನ್ನೇ ವೇದಿಕೆಗೆ ಹತ್ತಿಸಿದರು. ಅಲ್ಲಿಂದ ಸಿನಿಮಾಕ್ಕೆ ದಾರಿ ತೆರೆಯಿತು. 1920ರಲ್ಲಿ ಜಾರ್ಜ್ ಪಿಯರ್ಸನ್ ನಿರ್ದೇಶನದ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ನಲ್ಲಿ ಕಾಣಿಸಿಕೊಂಡಳು.

ಆಕೆಗೆ ದೊಡ್ಡ ಹೆಸರು ತಂದದ್ದು 1928ರ ‘ದಿ ಕಾನ್‌ಸ್ಟೆಂಟ್ ನಿಂಫ್’. ಮಾರ್ಗರೆಟ್ ಕೆನಡಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಆಕೆ ಸಂಗೀತಗಾರನ ಮಗಳು ಟೆಸ್ಸಾ. ನಾಯಕ ಐವರ್ ನೊವೆಲ್ಲೊ. ಟೆಸ್ಸಾಳ ಮಾತುಗಳು ಪರದೆಯ ಮೇಲೆ ಅಕ್ಷರಗಳಾಗಿ ಮೂಡುತ್ತಿದ್ದವು. ದನಿಯನ್ನು ಪ್ರೇಕ್ಷಕರೇ ಊಹಿಸಿಕೊಳ್ಳುತ್ತಿದ್ದರು. ಮೇಬಲ್ ಯಾವ ಕೇರಿಯವಳೆಂಬುದು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಮರುವರ್ಷದಿಂದಲೇ ಬ್ರಿಟಿಷ್ ಸ್ಟುಡಿಯೋಗಳಿಗೆ ಮೈಕ್ ಬಂತು. ಆಗ ದನಿಯನ್ನು ಬೇರೆಯಾಗಿ ಸೇರಿಸುವುದು ಸುಲಭವಿರಲಿಲ್ಲ. 1929ರ ‘ಬ್ಲ್ಯಾಕ್‌ಮೇಲ್’ನಲ್ಲಿ ಆನಿ ಓಂದ್ರಾಳ ಝೆಕ್ ಉಚ್ಚಾರಣೆ ಹೊಂದದಿದ್ದಾಗ, ಹಿಚ್‌ಕಾಕ್ ಮತ್ತೊಬ್ಬ ನಟಿಯನ್ನು ಕ್ಯಾಮೆರಾದ ಆಚೆ ನಿಲ್ಲಿಸಿ ಮಾತಾಡಿಸಿದರು, ಓಂದ್ರಾ ಬರೀ ತುಟಿ ಆಡಿಸಿದಳು. ಆಕೆಯದು ಪರದೇಶಿ ನುಡಿ. ಮೇಬಲ್‌ಳದು ಲಂಡನ್ನಿನದೇ ಮಾತು. ಆದರೂ ಅದು ಸಲ್ಲಲಿಲ್ಲ. ನಾಯಕಿ ಎಂದರೆ ನಾಟಕರಂಗದಲ್ಲಿ ಪಳಗಿದ, ಮೇಲ್ವರ್ಗದ ಇಂಗ್ಲಿಷ್ ಆಡಬೇಕೆಂಬ ಕಾಲವದು. ಕೆಲವು ಟಾಕಿಗಳಲ್ಲಿ ನಟಿಸಿದರೂ ಅವಕಾಶಗಳು ಬತ್ತಿದವು. 1933ರಲ್ಲಿ ‘ದಿ ಕಾನ್‌ಸ್ಟೆಂಟ್ ನಿಂಫ್’ ಟಾಕಿಯಾಗಿ ಮತ್ತೆ ಬಂದಾಗ ಟೆಸ್ಸಾ ಆದವಳು ವಿಕ್ಟೋರಿಯಾ ಹಾಪರ್.

1960ರ ದಶಕದಲ್ಲಿ ಗಾಳಿ ತಿರುಗಿತು. ಅದೇ ಕಾಕ್ನಿ ಮಾತಾಡುತ್ತಲೇ ಮೈಕೆಲ್ ಕೇನ್ ದೊಡ್ಡ ತಾರೆಯಾದರು. ಮೇಬಲ್ ಆಗಿನ್ನೂ ಬದುಕಿದ್ದಳು, ತೀರಿಕೊಂಡದ್ದು 1994ರಲ್ಲಿ. ಅಭಿನಯ ಆಕೆಗೆ ಕೈಕೊಟ್ಟಿರಲಿಲ್ಲ. ಹುಟ್ಟಿದ ಕೇರಿ ನಾಲಿಗೆಯ ಮೇಲೆ ಉಳಿದಿತ್ತು, ಅಷ್ಟೇ.