ಮಾರ್ಮೊಲಾಡದ ಹಿಮಕುಸಿತ

ಹಿಮವನ್ನು ಕಾವ್ಯಗಳಲ್ಲಿ ಓದಿ ಅರಿತವರು ನಾವು. ಕೊಡಗಿನ ಮಂಜನ್ನೂ ಮಾಗಿಯ ಇಬ್ಬನಿಯನ್ನೂ ಮಾತ್ರ ಬಲ್ಲ ನಮಗೆ, ಅಷ್ಟು ಮೃದುವಾದ ಪದಾರ್ಥವು ಒಂದು ಸೇನಾ ಶಿಬಿರವನ್ನೇ ನುಂಗಬಲ್ಲದೆಂದರೆ ನಂಬಿಕೆ ಹುಟ್ಟುವುದು ಕಷ್ಟ. ಅಂತಹದೊಂದು ಪ್ರಸಂಗವನ್ನು ಈ ದಿನ ಕೇಳುಗರ ಮುಂದಿಡುತ್ತೇವೆ.

ಮೊದಲನೆಯ ಮಹಾಯುದ್ಧದಲ್ಲಿ ಇಟಲಿಗೂ ಆಸ್ಟ್ರಿಯಾ-ಹಂಗೇರಿಗೂ ನಡೆದ ಕಾಳಗವು ಆಲ್ಪ್ಸ್ ಪರ್ವತಗಳ ನೆತ್ತಿಯವರೆಗೂ ಏರಿದ್ದಿತು. ಅಲ್ಲಿಯ ಡಾಲಮೈಟ್ ಶ್ರೇಣಿಯಲ್ಲಿ ಮಾರ್ಮೊಲಾಡವೇ ಅತ್ಯುನ್ನತವಾದುದು. ಎತ್ತರ 3,343 ಮೀಟರು. 1916ರಲ್ಲಿ ಆಸ್ಟ್ರಿಯನ್ನರು ಅದರ ಪಾರ್ಶ್ವದ ಗ್ರಾನ್ ಪೋಜ್ ಎಂಬಲ್ಲಿ, ಬಂಡೆಯ ಮರೆಯಲ್ಲಿ, ಮರದ ಬಿಡಾರಗಳನ್ನು ಕಟ್ಟಿದರು. ಇಟಲಿಯವರ ಫಿರಂಗಿಯ ಗುಂಡು ಅಲ್ಲಿಗೆ ತಾಗದೆಂಬುದೇ ಆ ಸ್ಥಳದ ಗುಣ. ಮೇಲಿದ್ದ ಹಿಮದ ಇಳಿಜಾರನ್ನು ಲೆಕ್ಕಕ್ಕೆ ತಂದುಕೊಂಡವರು ವಿರಳ.

ಆ ವರ್ಷ ಚಳಿಗಾಲದ ಆರಂಭದಲ್ಲಿಯೇ ಹಿಮವು ಮಿತಿಮೀರಿ ಬಿದ್ದಿತು. ಠಾಣೆಯ ನಾಯಕನಾದ ಕ್ಯಾಪ್ಟನ್ ರುಡಾಲ್ಫ್ ಷ್ಮಿಡ್ ಅಪಾಯವನ್ನು ಮನಗಂಡು, ಬಿಡಾರವನ್ನು ಬೇರೆಡೆಗೆ ಸಾಗಿಸಬೇಕೆಂದು ಮೇಲಧಿಕಾರಿಗೆ ಬರೆದನು. ಅನುಮತಿ ದೊರೆಯಲಿಲ್ಲ. ಡಿಸೆಂಬರ್ 13ರ ಮುಂಜಾನೆ ಹಿಮರಾಶಿಯು ಜಾರಿ ಬಿಡಾರದ ಮೇಲೆ ಬಿದ್ದಿತು. ನಿದ್ರೆಯಲ್ಲಿದ್ದ ಸುಮಾರು 270 ಮಂದಿ ಮಡಿದರು. ಈ ದುರಂತಕ್ಕೆ 'ಬಿಳಿಯ ಶುಕ್ರವಾರ'ವೆಂದು ಹೆಸರು ನಿಂತಿದೆ. ಪಂಚಾಂಗದ ಪ್ರಕಾರ ಅಂದು ಬುಧವಾರ. ಜನರ ನೆನಪು ವಾರವನ್ನು ತಪ್ಪಿದರೂ ದುಃಖವನ್ನು ತಪ್ಪಲಿಲ್ಲ.

ಹಿಮವು ಜಾರುವುದೇಕೆ? ಅದು ಒಂದೇ ರಾಶಿಯಲ್ಲ, ಪದರದ ಮೇಲೆ ಪದರ. ಚಳಿಗಾಲದ ಮೊದಲಲ್ಲಿ ಹಿಮದ ಹೊದಿಕೆ ತೆಳುವಾಗಿರುತ್ತದೆ. ಅಡಿಯ ನೆಲ ಬೆಚ್ಚಗೆ, ಮೇಲಿನ ಗಾಳಿ ಅತಿ ಶೀತ. ಆಗ ಆವಿಯು ಕೆಳಗಿನಿಂದ ಮೇಲೇರುತ್ತ, ಬುಡದ ಹಿಮವನ್ನು ಒಂದಕ್ಕೊಂದು ಅಂಟದ ಸಕ್ಕರೆಯಂತಹ ಹರಳುಗಳಾಗಿ ಮಾರ್ಪಡಿಸುತ್ತದೆ. ಬಳಿಕ ಬಿರುಗಾಳಿಯು ತಂದ ಹೊಸ ಹಿಮ ಅದರ ಮೇಲೆ ಗಟ್ಟಿಯಾಗಿ ಕೂಡುತ್ತದೆ. ದಪ್ಪ ರವೆಯ ಮೇಲೆ ಚಪ್ಪಡಿಯನ್ನು ಓರೆಯಾಗಿ ಇಟ್ಟಂತೆ ಇದರ ಸ್ಥಿತಿ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ಹೆಜ್ಜೆಯ ಭಾರವೇ ಅದನ್ನು ಕದಲಿಸಲು ಸಾಕಾಗಬಹುದು. ಹೊಸ ಹಿಮದ ಭಾರ, ಹಠಾತ್ತನೆ ಏರುವ ಶಾಖ, ಇವೂ ಕಾರಣಗಳೇ. ಹೂತುಹೋದವನ ಆಯುಸ್ಸು ನಿಮಿಷಗಳ ಲೆಕ್ಕ. ಮೊದಲ ಕಾಲು ಗಂಟೆ ಕಳೆದಂತೆ ಬದುಕುವ ಸಂಭವವು ವೇಗವಾಗಿ ಕುಗ್ಗುತ್ತದೆ.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಠಾಣೆಯೊಂದರ ಮೇಲೆ ಹಿಮವು ಕುಸಿದು ಹತ್ತು ಮಂದಿ ಸೈನಿಕರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರು ಆರನೆಯ ದಿನ ಉಸಿರಾಡುತ್ತಿರುವಾಗಲೇ ದೊರೆತರು. ನಾಡೆಲ್ಲ ಅವರಿಗಾಗಿ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು.

ಶತ್ರುವಿನ ಗುಂಡಿಗೆ ಮರೆಯನ್ನು ಹುಡುಕುವ ವಿದ್ಯೆ ಸೇನೆಗಳಿಗೆ ಬಹು ಹಿಂದಿನಿಂದಲೂ ಉಂಟು. ಬೆಟ್ಟವನ್ನು ದಿನವೂ ನೋಡುತ್ತಿರುವವನ ಮಾತಿಗೆ ಕಿವಿಗೊಡುವುದನ್ನು ಮಾರ್ಮೊಲಾಡದಲ್ಲಿ ಯಾರೂ ಕಲಿತಿರಲಿಲ್ಲ. ಷ್ಮಿಡ್ ಬರೆದ ಆ ಕಾಗದವನ್ನು ಅಧಿಕಾರದಲ್ಲಿರುವವರೆಲ್ಲ ಒಮ್ಮೆ ನೆನೆಯುವುದು ಒಳಿತೆಂದು ನಾವು ಭಾವಿಸುತ್ತೇವೆ.