ಅಡಂಬು ಬಳ್ಳಿ

ಅಡಂಬು ಬಳ್ಳಿಯು ಕನ್ವಾಲ್ವುಲೇಸೀ ಕುಟುಂಬಕ್ಕೆ ಸೇರಿದ, ಕಡಲತೀರದ ಮರಳುದಿಬ್ಬಗಳಲ್ಲಿ ಹಬ್ಬಿ ಬೆಳೆಯುವ ಬಹುವಾರ್ಷಿಕ ಬಳ್ಳಿ. ಇದಕ್ಕೆ ಬಂಗಡಬಳ್ಳಿ ಎಂಬ ಹೆಸರೂ ಇದೆ. ಇದರ ಸಸ್ಯಶಾಸ್ತ್ರೀಯ ಹೆಸರು ಐಪೋಮಿಯ ಪೆಸ್-ಕ್ಯಾಪ್ರೆ. ಗೆಣಸು ಕೂಡ ಇದೇ ಜಾತಿಗೆ ಸೇರಿದೆ. ಲಿನೇಯಸ್ 1753ರಲ್ಲಿ ಇದನ್ನು ಕನ್ವಾಲ್ವುಲಸ್ ಜಾತಿಯಲ್ಲಿ ವರ್ಣಿಸಿದ್ದನು. ರಾಬರ್ಟ್ ಬ್ರೌನ್ 1818ರಲ್ಲಿ ಐಪೋಮಿಯ ಜಾತಿಗೆ ಸೇರಿಸಿದನು. ಲ್ಯಾಟಿನ್ನಿನಲ್ಲಿ ಪೆಸ್-ಕ್ಯಾಪ್ರೆ ಎಂದರೆ ಆಡಿನ ಪಾದ. ತುದಿಯಲ್ಲಿ ಎರಡಾಗಿ ಸೀಳಿದ ಎಲೆಯು ಆಡಿನ ಗೊರಸನ್ನು ಹೋಲುವುದೇ ಈ ಹೆಸರಿಗೆ ಕಾರಣ.

ವ್ಯಾಪ್ತಿ

ಪ್ರಪಂಚದ ಉಷ್ಣವಲಯದ ಬಹುತೇಕ ಎಲ್ಲ ಕಡಲತೀರಗಳಲ್ಲಿಯೂ ಈ ಬಳ್ಳಿ ಕಾಣಸಿಗುತ್ತದೆ. ಭಾರತದ ಪೂರ್ವ ಮತ್ತು ಪಶ್ಚಿಮ ಕರಾವಳಿಗಳೆರಡರಲ್ಲಿಯೂ ಇದು ಸಾಮಾನ್ಯ. ಕರ್ನಾಟಕದಲ್ಲಿ ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಮರಳುತೀರಗಳಲ್ಲಿ ಬೆಳೆಯುತ್ತದೆ.

ಲಕ್ಷಣಗಳು

ಕಾಂಡವು ನೆಲದ ಮೇಲೆ 10 ಮೀಟರಿಗೂ ಹೆಚ್ಚು ದೂರ ಹರಿಯಬಲ್ಲದು. ಮುರಿದರೆ ಹಾಲಿನಂಥ ರಸ ಒಸರುತ್ತದೆ. ಎಲೆಗಳು ದಪ್ಪ ಹಾಗೂ ನುಣುಪಾಗಿರುತ್ತವೆ. ಆಲಿಕೆಯಾಕಾರದ ನಸುಗೆಂಪು ಅಥವಾ ನೇರಳೆ ಹೂಗಳು ಬೆಳಗ್ಗೆ ಅರಳಿ ಅದೇ ದಿನ ಬಾಡುತ್ತವೆ. ಕಾಯಿಯಲ್ಲಿ ಸಾಮಾನ್ಯವಾಗಿ ರೋಮಭರಿತವಾದ 4 ಬೀಜಗಳಿರುತ್ತವೆ.

ಮರಳಿಗೆ ಹೊಂದಾಣಿಕೆ

ಸುಡುವ ಮರಳು, ಉಪ್ಪುಗಾಳಿ, ಸಿಹಿನೀರಿನ ಅಭಾವ ಇವು ದಿಬ್ಬದ ಸಸ್ಯಗಳು ಎದುರಿಸಬೇಕಾದ ಕಷ್ಟಗಳು. ಅಡಂಬು ಬಳ್ಳಿಯ ತಾಯಿಬೇರು ಆಳಕ್ಕಿಳಿದು ತೇವವನ್ನು ಹೀರುತ್ತದೆ; ದಪ್ಪನೆಯ ಎಲೆ ನೀರನ್ನು ಕಾಯ್ದುಕೊಳ್ಳುತ್ತದೆ. ಕಾಂಡದ ಪ್ರತಿ ಗೆಣ್ಣೂ ಬೇರು ಬಿಡಬಲ್ಲದಾದ್ದರಿಂದ, ಮರಳು ಮುಚ್ಚಿದರೂ ಬಳ್ಳಿ ಸಾಯದೆ ಹೊಸ ಚಿಗುರನ್ನು ಮೇಲಕ್ಕೆ ಕಳುಹಿಸುತ್ತದೆ. ಬೀಜಗಳು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ತೇಲಿದರೂ ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳುತ್ತವೆ. ಕ್ರಕಟೋವ ಜ್ವಾಲಾಮುಖಿಯು 1883ರಲ್ಲಿ ಸ್ಫೋಟಿಸಿದ ಬಳಿಕ, ಬರಿದಾದ ಆ ದ್ವೀಪದ ತೀರದಲ್ಲಿ ಮತ್ತೆ ನೆಲೆಗೊಂಡ ಸಸ್ಯಗಳಲ್ಲಿ ಇದೂ ಒಂದು.

ಮಹತ್ವ

ಹೊಸ ಮರಳಿನಲ್ಲಿ ಮೊದಲು ಬೇರೂರುವ ಸಸ್ಯಗಳಲ್ಲಿ ಇದು ಪ್ರಮುಖವಾದುದು. ಹರಡಿದ ಬಳ್ಳಿ ಗಾಳಿಯ ವೇಗವನ್ನು ತಗ್ಗಿಸುವುದರಿಂದ ಹಾರುವ ಮರಳು ಅಲ್ಲಿಯೇ ನಿಂತು ದಿಬ್ಬ ಬೆಳೆಯುತ್ತದೆ. ರಾವಣನ ಮೀಸೆ ಎಂಬ ಹುಲ್ಲಿನೊಡನೆ ಸೇರಿ ಇದು ಮರಳನ್ನು ಹಿಡಿದಿಟ್ಟ ಮೇಲೆ ಪೊದೆಗಳೂ ಮರಗಳೂ ಅದರ ಹಿಂದೆ ನೆಲೆಯೂರುತ್ತವೆ. ಇಂಥ ದಿಬ್ಬಗಳು ಬಿರುಗಾಳಿ ಹಾಗೂ ಕಡಲ್ಕೊರೆತದ ಎದುರು ಒಳನಾಡಿಗೆ ಸಹಜ ತಡೆಯಾಗಿವೆ. ಹಲವು ದೇಶಗಳ ಜನಪದ ವೈದ್ಯದಲ್ಲಿ ಈ ಬಳ್ಳಿಯ ಬಳಕೆಯಿದೆ. ಥಾಯ್ಲೆಂಡಿನಲ್ಲಿ ಲೋಳೆಮೀನು ಕುಟುಕಿದಾಗಿನ ಉರಿಗೆ ಎಲೆಯ ರಸವನ್ನು ಹಚ್ಚುವುದುಂಟು. ತಮಿಳಿನ ಸಂಗಂ ಕಾವ್ಯಗಳಲ್ಲಿ ಇದರ ಹೂವು ಕಡಲತೀರದ ಗುರುತಾಗಿ ಬರುತ್ತದೆ.

ಸಂರಕ್ಷಣೆ

ಪ್ರಭೇದವಾಗಿ ಅಡಂಬು ಬಳ್ಳಿ ಅಪರೂಪವಲ್ಲ. ಅಪಾಯವಿರುವುದು ಅದು ಬೆಳೆಯುವ ನೆಲೆಗೆ. ಮರಳುಗಣಿಗಾರಿಕೆ, ತೀರದಲ್ಲಿ ವಾಹನ ಸಂಚಾರ, ಕಟ್ಟಡಗಳು ಮತ್ತು ಕಲ್ಲಿನ ತಡೆಗೋಡೆಗಳು ದಿಬ್ಬಗಳನ್ನು ನಾಶಗೊಳಿಸುತ್ತವೆ. ತೀರವನ್ನು ಚೊಕ್ಕಗೊಳಿಸುವ ಹೆಸರಿನಲ್ಲಿ ಬಳ್ಳಿಯನ್ನು ಕಿತ್ತರೆ ಅದು ಹಿಡಿದಿಟ್ಟ ಮರಳೂ ಸಡಿಲಗೊಳ್ಳುತ್ತದೆ. ಭಾರತದ 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಮರಳುದಿಬ್ಬಗಳನ್ನು ಸೂಕ್ಷ್ಮ ಪ್ರದೇಶಗಳ ಸಾಲಿನಲ್ಲಿ ಸೇರಿಸಿತ್ತು. ಕಾಂಡದ ತುಂಡುಗಳಿಂದಲೇ ಸುಲಭವಾಗಿ ಬೆಳೆಯುವುದರಿಂದ, ಹಾಳಾದ ದಿಬ್ಬಗಳನ್ನು ಮರಳಿ ರೂಪಿಸಲು ಈ ಬಳ್ಳಿಯನ್ನು ನೆಡಲಾಗುತ್ತದೆ.