ರೈಲಿನ ಹಸಿವು, ಗಾಳಿಮರದ ಸೌದೆ

ಡೇರೆ ಹಾಕಿದ ಮೇಲೆ ರಾತ್ರಿ ಬೆಂಕಿ ಬೇಕು, ಬೆಂಕಿಗೆ ಸೌದೆ ಬೇಕು. ಕಾಡು ಬರಿದಾಗದಂತೆ ಅದನ್ನು ಎಲ್ಲಿಂದ ತರುವುದು? ಈ ಪ್ರಶ್ನೆ ಇಂದಿನ ಚಾರಣಿಗರಿಗೆ ಹೊಸದಿರಬಹುದು, ಚರಿತ್ರೆಗೆ ಹೊಸದಲ್ಲ. ನೂರೈವತ್ತು ವರ್ಷಗಳ ಹಿಂದೆ ಮದ್ರಾಸ್ ಪ್ರಾಂತ್ಯದ ಅಧಿಕಾರಿಗಳ ತಲೆ ತಿಂದದ್ದೂ ಇದೇ ಪ್ರಶ್ನೆ. ಆಗ ಸೌದೆ ಕೇಳಿದ್ದು ರೈಲು.

1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಮದ್ರಾಸಿನ ರಾಯಪುರಂನಿಂದ ಹೊರಟಿತು. ಬಂಗಾಳದ ಕಲ್ಲಿದ್ದಲು ದೂರ, ಇಂಗ್ಲೆಂಡಿನದು ದುಬಾರಿ. ಹಾಗಾಗಿ ಇಲ್ಲಿನ ಎಂಜಿನ್ನುಗಳು ಎಷ್ಟೋ ವರ್ಷ ಕಟ್ಟಿಗೆ ಉರಿಸಿಕೊಂಡೇ ಓಡಿದವು. ಹಳಿಯ ಕೆಳಗಿನ ಸ್ಲೀಪರಿಗೂ ಮರವೇ, ಪಟ್ಟಣದ ಒಲೆಗೂ ಮರವೇ. ಹಳಿ ಹೋದ ದಾರಿಯಲ್ಲಿ ಕುರುಚಲು ಕಾಡು ತೆಳುವಾಗುತ್ತ ಬಂತು.

ಅದಕ್ಕೆ ಪರಿಹಾರವಾಗಿ ಸರ್ಕಾರ ಕರಾವಳಿಯ ಮರಳಿನಲ್ಲಿ ಗಾಳಿಮರ ನೆಡಿಸಿತು. ಬಯಲುಸೀಮೆಯವರು ಸರ್ವೆ ಮರ ಎನ್ನುವುದು ಇದನ್ನೇ. ಇದರ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ, ಬೇರೆ ಮರ ಒಲ್ಲದ ಮರಳಿನಲ್ಲೂ ಇದು ಬೇಗ ಬೆಳೆಯುತ್ತದೆ. ಸೌದೆ ಗಟ್ಟಿ, ಕಾವು ಹೆಚ್ಚು, ಹಸಿಯಿದ್ದಾಗಲೂ ಉರಿಯುತ್ತದೆ. ಕಡಿದು ಮತ್ತೆ ನೆಡುವ ಬೆಳೆಯಾಗಿ ರೈತರೂ ಇದನ್ನು ಹಿಡಿದರು. ಕಲ್ಲಿದ್ದಲು ಸುಲಭವಾಗಿ ಸಿಗತೊಡಗಿದಾಗ ಎಂಜಿನ್ನುಗಳು ಸೌದೆಯನ್ನು ಬಿಟ್ಟವು, ಮನೆಯ ಒಲೆಗಳು ಬಿಡಲಿಲ್ಲ.

ನಮ್ಮ ಕಾರವಾರದ ದಂಡೆಯಲ್ಲೂ ಗಾಳಿಮರ ಬೇರೂರಿತ್ತು. 1883ರಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಠಾಕೂರರು ಆ ತೋಪನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕವಿಗೆ ಅದು ಚೆಲುವು. ಮದ್ರಾಸಿನ ವ್ಯಾಪಾರಿಗೆ ಅದೇ ಮರ ತೂಕಕ್ಕೆ ಮಾರುವ ಸೌದೆ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. 1882ರ ಮದ್ರಾಸ್ ಅರಣ್ಯ ಕಾಯಿದೆ ಬಂದ ಮೇಲೆ ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಕಟ್ಟಿಗೆ ಆಯುವುದು, ಬೆಂಕಿ ಹೊತ್ತಿಸುವುದು ಅಪರಾಧವಾಯಿತು. ಕಾಡನ್ನು ಹೆಚ್ಚು ತಿಂದದ್ದು ರೈಲು, ದಂಡ ತೆತ್ತದ್ದು ತಲೆಹೊರೆಯ ಹೆಂಗಸರು. ಉಳಿಸಬೇಕೆಂಬ ಮಾತು ಸರಿಯೇ ಇತ್ತು. ಉಳಿಸುವ ಭಾರ ಯಾರ ಹೆಗಲಿಗೆ ಬಿತ್ತು ಎಂಬುದೇ ಪ್ರಶ್ನೆ.

ಆದ್ದರಿಂದ ಡೇರೆಯ ಬೆಂಕಿಗೆ ಸೌದೆ ಹುಡುಕುವಾಗ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಕಡಿಯಲೆಂದೇ ಬೆಳೆಸಿದ ಮರವೇ? ಇದರಿಂದ ಇನ್ನೊಬ್ಬರ ಒಲೆಗೆ ಕೊರತೆಯಾಗುತ್ತದೆಯೇ? ಕರಾವಳಿಯಲ್ಲಾದರೆ ರೈತರ ತೋಪಿನ ಗಾಳಿಮರ, ಮಲೆನಾಡಿನಲ್ಲಾದರೆ ಕಾಫಿ ತೋಟದಲ್ಲಿ ನೆರಳಿಗಾಗಿ ಸವರಿದ ಸಿಲ್ವರ್ ಓಕ್ ಕೊಂಬೆ. ಎರಡನ್ನೂ ಹತ್ತಿರದಲ್ಲೇ ದುಡ್ಡು ಕೊಟ್ಟು ತರುತ್ತೇನೆ. ಕಾಡಿನಲ್ಲಿ ಬಿದ್ದ ಒಣಮರವನ್ನು ಮುಟ್ಟುವುದಿಲ್ಲ. ಅದು ಹುಳುಹುಪ್ಪಟೆಗೆ ಮನೆ, ಅಣಬೆಗೆ ಅನ್ನ, ನಾಳೆಯ ಮಣ್ಣು. ಮೀಸಲು ಅರಣ್ಯದೊಳಗಂತೂ ಬೆಂಕಿಯೇ ಬೇಡ.

ನಮಗೆ ಬೆಂಕಿ ಒಂದು ರಾತ್ರಿಯ ಸಂತೋಷ. ಕಾಡಂಚಿನ ಎಷ್ಟೋ ಮನೆಗಳಲ್ಲಿ ನಾಳೆ ಬೆಳಗ್ಗೆ ಗಂಜಿ ಬೇಯಬೇಕಾದದ್ದು ಅದೇ ಸೌದೆಯಲ್ಲಿ.